ಎಡಸುತ್ತು, ಬಲಸುತ್ತು

ದಂಡೋತಿಯ ಭೀಮಬಾಯಿಗೆ ಓಟದ ವಿಷಯದಲ್ಲಿ ಒಂದು ಗಟ್ಟಿ ಸಿದ್ಧಾಂತವಿತ್ತು. ನಾಯಿ ಬೆನ್ನು ಹತ್ತಿದರೆ ಓಡಬೇಕು. ಹೊಳೆ ಬಂದರೆ ಓಡಬೇಕು. ವಾಡಿಯ ಬಸ್ಸು ಕಣ್ಣೆದುರೇ ಹೊರಟುಬಿಟ್ಟರೆ, ಮನಸ್ಸಿಲ್ಲದಿದ್ದರೂ ಓಡಬೇಕು. ಇದ್ಯಾವುದೂ ಇಲ್ಲದೆ, ಹೊಟ್ಟೆತುಂಬ ರೊಟ್ಟಿ ತಿಂದ ಹುಡುಗಿಯೊಬ್ಬಳು ನಸುಕಿನಲ್ಲಿ ಎದ್ದು ಸುಮ್ಮಸುಮ್ಮನೆ ಓಡುತ್ತಾಳೆಂದರೆ ಅದು ತಲೆಗೆ ಸಂಬಂಧಪಟ್ಟ ಕಾಯಿಲೆ. ಆ ಕಾಯಿಲೆ ಬೇರೆ ಯಾರದೋ ಮನೆಯಲ್ಲಿದ್ದರೆ ಆಕೆ ಕಟ್ಟೆಯ ಮೇಲೆ ಕೂತು ನಕ್ಕುಬಿಡುತ್ತಿದ್ದಳು. ಆದರೆ ಅದು ಆಕೆಯ ಮನೆಯಲ್ಲೇ ಇತ್ತು. ಮೊಮ್ಮಗಳು ಭಾಗ್ಯ, ಒಂಬತ್ತನೆಯ ತರಗತಿ, ಎಂಟುನೂರು ಮೀಟರ್ ಓಟ.

"ಯಾರ ಬೆನ್ನ ಹತ್ಯಾರ ನಿನಗ, ಹಿಂಗ ಓಡ್ತಿ?" ಎಂದು ಭೀಮಬಾಯಿ ದಿನಾ ಕೇಳುವಳು.

"ಯಾರೂ ಇಲ್ಲ ಆಯಿ" ಎಂದು ಭಾಗ್ಯ ದಿನಾ ನಗುವಳು.

ಹುಡುಗಿ ವಾಡಿಯಲ್ಲಿ ಓಡಿ ಕಪ್ಪು ತಂದಿದ್ದಳು, ಚಿತ್ತಾಪುರದಲ್ಲಿ ಓಡಿ ಇನ್ನೊಂದು ತಂದಿದ್ದಳು. ಭೀಮಬಾಯಿ ಅವುಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಹೆಸರಿಗಿ ಕಪ್ಪು. ಹಿಡಿಕಿ ಎರಡೆರಡ ಅವ, ಚಾ ಕುಡಿಲಿಕ್ಕ ಬರಂಗಿಲ್ಲ" ಎಂದು ತೀರ್ಪು ಕೊಟ್ಟು, ಒಂದರಲ್ಲಿ ಉಪ್ಪು, ಇನ್ನೊಂದರಲ್ಲಿ ಹುಣಸೆಹಣ್ಣು ತುಂಬಿಟ್ಟಿದ್ದಳು. ಆದರೆ ಮೊಮ್ಮಗಳು ಓಡುವುದನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. ಬಸ್ಸು ಹತ್ತಿದರೆ ಆಕೆಗೆ ವಾಂತಿ ಬರುತ್ತಿತ್ತು. ಪಂದ್ಯಗಳೆಲ್ಲ ಬಸ್ಸಿನಾಚೆಯ ಊರುಗಳಲ್ಲೇ ನಡೆಯುತ್ತಿದ್ದವು.

ಈ ವರ್ಷ ಮಾತ್ರ ವಲಯ ಮಟ್ಟದ ಕ್ರೀಡಾಕೂಟ ದಂಡೋತಿಗೇ ಸಿಕ್ಕಿತ್ತು. ಮೊದಲ ಸಲ. ಸುದ್ದಿ ತಿಳಿದ ದಿನ ಭಾಗ್ಯ ಶಾಲೆಯಿಂದ ಓಡುತ್ತ ಬಂದು, "ಆಯಿ, ಈ ಸಲ ನೀ ನೋಡಬೇಕು. ಬಸ್ಸಿಲ್ಲ ಏನಿಲ್ಲ, ಮನಿಯಿಂದ ನಡಕೊಂಡು ಬಂದ್ರ ಮುಗೀತು" ಎಂದಳು. "ನೋಡೂಣಂತ" ಎಂದು ಭೀಮಬಾಯಿ ಬಿಗಿಯಾಗಿ ಹೇಳಿದರೂ, ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದನ್ನು ಓಣಿಯೆಲ್ಲ ನೋಡಿತ್ತು.

ಅಷ್ಟರಲ್ಲಿ ಕಾಗಿಣಾ ನದಿ ಬಂತು.

ಚಿಂಚೋಳಿಯ ಕಡೆ ಸುರಿದ ಮಳೆಯೆಲ್ಲ ಸೇಡಂ ದಾಟಿ ಒಂದೇ ಏಟಿಗೆ ಇಳಿದು, ಸೇತುವೆ ಮುಳುಗಿಸಿ, ತಗ್ಗಿನಲ್ಲಿದ್ದ ಶಾಲೆಯ ಒಳಗೆ ಹಾಜರಿ ಹಾಕಿತು. ಮನೆಗಳಿಗೂ ನುಗ್ಗಿತು. ಜೀವಹಾನಿಯಾಗಲಿಲ್ಲ, ಅದೇ ಪುಣ್ಯ. ನೀರು ಇಳಿದ ಮೇಲೆ ನೋಡಿದರೆ ಶಾಲೆಯ ಕಂಪೌಂಡು ಮಲಗಿತ್ತು, ಮೈದಾನದಲ್ಲಿ ಮೊಣಕಾಲುದ್ದ ರಾಡಿ. ಅದರಲ್ಲಿ ಅಭ್ಯಾಸ ಮಾಡಲು ಎಮ್ಮೆಗಳಷ್ಟೇ ತಯಾರಿದ್ದವು. ಆಟದ ಸಾಮಾನಿನ ಕೋಣೆ ಖಾಲಿ. ಬಿದಿರಿನ ಭರ್ಜಿಗಳು ಯಾರೂ ಎಸೆಯದೆಯೇ ಶಹಾಬಾದಿನವರೆಗೆ ಹೋಗಿರಬೇಕು. ಅಷ್ಟು ದೂರ ಹಿಂದೆ ಯಾವ ವಿದ್ಯಾರ್ಥಿಯೂ ಅವನ್ನು ಎಸೆದಿರಲಿಲ್ಲ. ಲಾಂಗ್ ಜಂಪಿನ ಗುಂಡಿಯೊಂದೇ ಮೊದಲಿಗಿಂತ ಚೆನ್ನಾಗಿತ್ತು. ಹೊಳೆ ಅದಕ್ಕೆ ಪುಕ್ಕಟೆ ಉಸುಕು ತುಂಬಿ ಹೋಗಿತ್ತು.

ನೀರು ನಿಂತದ್ದು ಎಲ್ಲಿ ಎನ್ನುವುದೇ ಈ ಕಥೆಗೆ ಮುಖ್ಯ. ಊರ ದಿಬ್ಬದ ಮೇಲೆ ಹಣಮಪ್ಪನ ಪುಟ್ಟ ಗುಡಿಯಿದೆ, ಸುತ್ತ ಬಯಲು. ನೀರು ಗುಡಿಯ ಎರಡನೆಯ ಮೆಟ್ಟಿಲು ಹತ್ತಿದಾಗ ಭೀಮಬಾಯಿ ಸೀರೆ ತೊಯ್ಯಿಸಿಕೊಂಡು ಅಲ್ಲೇ ನಿಂತು, "ಇಲ್ಲಿಗಿ ಸಾಕ ಮಾಡಪಾ ಹಣಮಪ್ಪ, ಇನ್ನ ಮ್ಯಾಲ ನಮಗ ಹೋಗ್ಲಿಕ್ಕ ಜಾಗಿಲ್ಲ" ಎಂದು ಕೈ ಮುಗಿದಿದ್ದಳು. ನೀರು ಮೂರನೆಯ ಮೆಟ್ಟಿಲು ಹತ್ತಲಿಲ್ಲ. ಅಂದಿನಿಂದ ಹಣಮಪ್ಪನ ವಿಷಯದಲ್ಲಿ ಭೀಮಬಾಯಿಯ ಮಾತೇ ಕಡೆಯ ಮಾತು. ಪೂಜಾರಿ ಕೂಡ ಆಕೆಯನ್ನು ಕೇಳಿ ಗಂಟೆ ಬಾರಿಸುವಂತಾಗಿತ್ತು.

ಶಾಲೆಯ ಪೀಟಿ ಟೀಚರ್ ಚಂದ್ರಕಲಾ, ಸಂತೆಗೆ ಹೋಗುವಾಗಲೂ ಕೊರಳಲ್ಲಿ ಸೀಟಿ ಹಾಕಿಕೊಳ್ಳುವ ಹೆಣ್ಣುಮಗಳು, ಗುಡಿಯ ಸುತ್ತಲಿನ ಆ ಬಯಲನ್ನು ನೋಡಿದಳು. ದಿಬ್ಬದ ಮೇಲಿದ್ದುದರಿಂದ ನೀರು ಬೇಗ ಬಸಿದು, ಊರಿನಲ್ಲಿ ಒಣಗಿದ ಸಮತಟ್ಟು ನೆಲವೆಂದರೆ ಅದೊಂದೇ. "ಕೂಟ ಬ್ಯಾರೆ ಊರಿಗಿ ಹೋಗಲಿಕ್ಕ ಬಿಡೂದು ಬ್ಯಾಡ. ಟ್ರ್ಯಾಕ್ ಇಲ್ಲೇ ಮಾಡೂಣು" ಎಂದಳು. ಮನೆಯ ರಾಡಿ ಬಳಿದು ಬಳಿದು ಬೇಸತ್ತಿದ್ದ ಊರಿಗೆ ಬೇರೆ ಏನಾದರೂ ಕೆಲಸ ಬೇಕಾಗಿತ್ತು. ಎಲ್ಲರೂ ಹೂಂ ಎಂದರು.

ಭಾನುವಾರ ಸುತ್ತಲಿನ ಶಾಲೆಗಳ ಪೀಟಿ ಮಾಸ್ತರರು ಸಲಿಕೆ ಹಿಡಿದು ಬಂದರು. ಸೇಡಂನವರು ಹರ್ಡಲ್ಸ್ ತಂದರು, ಶಹಾಬಾದಿನವರು ಕಬ್ಬಿಣದ ಗುಂಡು ತಂದರು, ಚಿಂಚೋಳಿಯ ಮಾಸ್ತರರು ಬರೇ ಹುರುಪು ತಂದರು, ಅದೂ ಕೆಲಸಕ್ಕೆ ಬಂತು. ಟ್ರ್ಯಾಕ್ಟರಿನಲ್ಲಿ ಗರಸು ಮಣ್ಣು ಬಂತು. ಬಿಸಿಯೂಟದ ಇಮಾಮ್‌ಬೀ ಎಲ್ಲರಿಗೂ ಉಪ್ಪಿಟ್ಟು ಮಾಡಿ, ಹಂಡೆಯ ಮುಚ್ಚಳ ಹೊಳೆಪಾಲಾಗಿದ್ದರಿಂದ ಮೇಲೆ ತಗಡು ಮುಚ್ಚಿ, ಅದು ಹಾರದಂತೆ ರಾಡಿಯಲ್ಲಿ ಸಿಕ್ಕ ಶಾಲೆಯ ಡಿಸ್ಕಸ್ಸನ್ನು ತೊಳೆದು ಹೇರಿದಳು. ಆಕೆಯ ಮಗ ಹಾಜಿಮಲಂಗ್ ಶಹಾಬಾದಿನಿಂದ ನೆಲಕ್ಕೆ ಹಾಸುವ ಫರಸಿ ಕಲ್ಲು ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಪಾಲಿಶ್ ಮಾಡುವಾಗ ಉದುರುವ ಕಲ್ಲಿನ ಪುಡಿಯನ್ನು ಚೀಲಗಟ್ಟಲೆ ತಂದು ಗೆರೆ ಎಳೆಯಲು ಕೊಟ್ಟ.

ನೆಲ ಗಟ್ಟಿ ಮಾಡುವ ಕೆಲಸವನ್ನು ಭೀಮಬಾಯಿ ತಾನೇ ವಹಿಸಿಕೊಂಡಳು. ಜೋಳದ ರಾಶಿಗೆ ಕಣ ಮಾಡಿ ರೂಢಿಯಿದ್ದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ನೀರು ಚಿಮುಕಿಸಿ, ಕಲ್ಲಿನ ಗುಂಡು ಉರುಳಿಸಿ, ಸಗಣಿ ಸಾರಿಸಿ, ಒಣಗುವ ತನಕ ಒಂದು ಕೋಳಿಯೂ ಕಾಲಿಡದಂತೆ ಕೋಲು ಹಿಡಿದು ಕಾದಳು. ಗುಡಿಯನ್ನು ನಡುವೆ ಇಟ್ಟುಕೊಂಡು ಉದ್ದನೆಯ ದುಂಡು ದಾರಿ ತಯಾರಾಯಿತು. ಎಷ್ಟು ಚೆಂದವಾಗಿತ್ತೆಂದರೆ ಭೀಮಬಾಯಿಗೆ ಅದರ ಮೇಲೆ ಯಾರಾದರೂ ಓಡುತ್ತಾರೆಂಬುದೇ ಸಂಕಟದ ಮಾತಾಯಿತು.

ನೆಲ ಒಣಗಿದ ಮರುದಿನ ಚಂದ್ರಕಲಾ ಟೀಚರ್ ಹುಡುಗಿಯರನ್ನು ಗೆರೆಯ ಮೇಲೆ ನಿಲ್ಲಿಸಿ ಸೀಟಿ ಊದಿದಳು. ಭಾಗ್ಯ ಜಿಂಕೆಯ ಹಾಗೆ ಹಾರಿ ಎಡಕ್ಕೆ ತಿರುಗಿದಳು.

"ನಿಲ್ರೇ!" ಭೀಮಬಾಯಿಯ ಕೂಗಿಗೆ ಗುಡಿಯ ಪಾರಿವಾಳಗಳೆಲ್ಲ ಎದ್ದವು. ಕೋಲು ಹಿಡಿದು ದಾರಿಯ ನಡುವೆ ಬಂದು ನಿಂತಳು. "ಯಾರ ಸತ್ತಾರಂತ ದೇವ್ರಿಗಿ ಎಡಕ್ಕ ತಿರಗಾಕತ್ತೀರಿ?"

ನಿಜ! ದೇವರನ್ನು ಬಲಗೈಯ ಕಡೆ ಇಟ್ಟುಕೊಂಡು ಸುತ್ತಬೇಕು. ಎಡಸುತ್ತು ಹಾಕುವುದು ಸಾವಿನ ಮನೆಯಲ್ಲಿ. ಅಷ್ಟು ಜನ ಅಷ್ಟು ದಿನ ಬೆವರು ಸುರಿಸಿದರು, ಒಬ್ಬರಿಗೂ ಇದು ಹೊಳೆದಿರಲಿಲ್ಲ.

"ಆಯಿ, ಓಟದ ನಿಯಮಾನೇ ಹಂಗ ಅದ" ಎಂದಳು ಚಂದ್ರಕಲಾ. "ಎಡಗೈ ಒಳಗ ಬರಬೇಕು. ಇಡೀ ಜಗತ್ತಿನ್ಯಾಗ ಎಡಕ್ಕೇ ಓಡ್ತಾರ."

"ಜಗತ್ತಿಗಿ ಹೊಳಿ ಬಂದಿಲ್ಲ, ನಮಗ ಬಂದದ" ಎಂದಳು ಭೀಮಬಾಯಿ. "ನೀರು ನಿಲ್ಲಸಿದ ದೇವ್ರಿಗಿ ಉಲ್ಟಾ ಸುತ್ತ ಹಾಕಿ ಮತ್ತ ಹೊಳಿ ಕರೀತೀರೇನು?"

ಹಿರಿಯರು ತಲೆ ಆಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವನು ಅಂಬರಾಯ. ಮೊಣಕಾಲು ನೋವೆಂದು ಸಲಿಕೆ ಮುಟ್ಟದೆ, ಗುಡಿಯ ಕಟ್ಟೆಯ ಮೇಲೆ ಕೂತು ಇಡೀ ಕೆಲಸದ ಮೇಲ್ವಿಚಾರಣೆ ನೋಡಿಕೊಂಡಿದ್ದ ಮನುಷ್ಯ.

ಹೀಗಾಗಿ ದಂಡೋತಿಯ ಮಕ್ಕಳು ಬಲಕ್ಕೆ ಓಡುವ ಅಭ್ಯಾಸ ಮಾಡಿದರು. ತಾಲ್ಲೂಕಿನ ಕ್ರೀಡಾಧಿಕಾರಿ ಕಪಿಲ ಸರ್ ಮೈದಾನ ನೋಡಲು ಬಂದಾಗಲೂ ಬಲಕ್ಕೇ ಓಡುತ್ತಿದ್ದರು. ಕಪಿಲ ಸರ್ ಮೊದಲು ತಮಗೇ ತಲೆ ತಿರುಗುತ್ತಿದೆ ಎಂದುಕೊಂಡು ಕನ್ನಡಕ ಒರೆಸಿಕೊಂಡರು. ಆಮೇಲೆ ವಿಷಯ ಕೇಳಿ ತಿಳಿದರು.

"ಆಯಿ, ನಾ ಸನ್ನತಿಯಂವ. ಬೌದ್ಧರ ಮನಿಯಂವ. ನಾವೂ ಸ್ತೂಪಕ್ಕ ಬಲಕ್ಕೇ ಸುತ್ತತೀವಿ. ನಿಮ್ಮ ಮಾತು ನನಗ ತಿಳೀತದ" ಎಂದರು. "ಆದ್ರ ಎಲ್ಲಾ ಶಾಲಿ ಹುಡುಗೂರು ಎಡಕ್ಕ ಓಡಿ ಕಲ್ತಾವ. ಬಲಕ್ಕ ಓಡ್ಸಿದ್ರ ಒಂದಕ್ಕೊಂದು ಡಿಕ್ಕಿ ಹೊಡ್ಕೊಂಡು ಬೀಳ್ತಾವ. ನಾಳಿ ಮುಂಜಾನಿ ಒಳಗ ಹೇಳ್ರಿ. ಇಲ್ಲಾಂದ್ರ ಕೂಟ ವಾಡಿಗಿ ಹೋಗ್ತದ, ನಾ ಏನೂ ಮಾಡಾಂಗಿಲ್ಲ."

ಆ ಮಧ್ಯಾಹ್ನ ಗುಡಿಯ ಕಟ್ಟೆಯ ಮೇಲೆ ದಂಡೋತಿಯ ಬುದ್ಧಿಯೆಲ್ಲ ಸಭೆ ಸೇರಿತು. ಹಣಮಪ್ಪನಿಗೆ ಪರದೆ ಕಟ್ಟಿಬಿಡೋಣ, ಕಾಣದಿದ್ದರೆ ಸಿಟ್ಟೂ ಬರುವುದಿಲ್ಲ ಎಂದ ಅಂಬರಾಯ. ಲಂಕೆಯನ್ನೇ ಸುಟ್ಟವನಿಗೆ ಪರದೆ ಯಾವ ಲೆಕ್ಕ ಎಂದು ಅದು ಬಿದ್ದುಹೋಯಿತು. ಹುಡುಗರು ಹಿಮ್ಮುಖವಾಗಿ ಓಡಲಿ, ಆಗ ಎಡಕ್ಕೆ ಹೋದರೂ ಬಲಗೈ ಗುಡಿಯ ಕಡೆಗೇ ಇರುತ್ತದೆ ಎಂದ ಹಾಜಿಮಲಂಗ್. ಇದು ಎಲ್ಲರಿಗೂ ಭಾರಿ ಮೆಚ್ಚುಗೆಯಾಯಿತು. ತೋರಿಸಲು ಹೋಗಿ ಅವನೇ ಕಲ್ಲಿನ ಪುಡಿಯ ಚೀಲದ ಮೇಲೆ ಬಿದ್ದು ಬೆಳ್ಳಗಾಗಿ ಎದ್ದ.

"ನಾ ಉಮ್ರಾ ಯಾತ್ರಿಗಿ ಹೋದಾಗ ನೋಡೀನಿ" ಎಂದಳು ಇಮಾಮ್‌ಬೀ, ತೊಗರಿಬೇಳೆ ಹಸನು ಮಾಡುತ್ತ. "ಸಾವಿರಗಟ್ಟಲೆ ಮಂದಿ, ಎಲ್ಲಾರೂ ದೇವರ ಮನಿಗಿ ಎಡಗೈ ಒಳಗಿಟ್ಟೇ ಸುತ್ತತಾರ. ನಮ್ಮಲ್ಲಿ ಅದೇ ಸೀದಾ."

"ಅಲ್ಲಿ ಅದು ಸೀದಾನೇ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಇದು ಹಣಮಪ್ಪನ ಮನಿ. ಇವನ ಮನಿಗಿ ಬಂದಾಗ ಇವನ ಪದ್ಧತಿ" ಎಂದಳು ಭೀಮಬಾಯಿ.

"ಅದೂ ಖರೇ" ಎಂದು ಇಮಾಮ್‌ಬೀ ಬೇಳೆಗೆ ಮರಳಿದಳು. ಸಭೆ ಮುಗಿಯಿತು.

ಸಂಜೆ ಮನೆಗೆ ಬಂದರೆ ಭಾಗ್ಯ ಕೌದಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ರೊಟ್ಟಿ ಮುಟ್ಟಿರಲಿಲ್ಲ. ಅವಳಿಗೆ ಪ್ರಾಣವಾದ ಚಟ್ನಿಪುಡಿ, ಶೇಂಗಾ ಹಿಂಡಿ, ಅದನ್ನೂ ಮುಟ್ಟಿರಲಿಲ್ಲ. ಶೇಂಗಾ ಹಿಂಡಿ ಬೇಡವೆಂದರೆ ಅದು ಸಣ್ಣ ಮಾತಲ್ಲ.

"ವಾಡ್ಯಾಗ ಓಡಿದ್ರ ಏನಾಯ್ತು?" ಎಂದು ಭೀಮಬಾಯಿ ಮೆತ್ತಗೆ ಕೇಳಿದಳು. "ಅಲ್ಲಿ ಕಪ್ಪ ಕೊಡಂಗಿಲ್ಲೇನು?"

"ಕಪ್ಪ ಯಾರಿಗಿ ಬೇಕಾಗ್ಯಾದ ಆಯಿ" ಎಂದಿತು ಕೌದಿ. "ವಾಡ್ಯಾಗ ಓಡಿ ಗೆದ್ದೇ ಬರ್ತೀನಿ. ನೀ ನೋಡಂಗಿಲ್ಲ, ಅಷ್ಟೇ."

ಭೀಮಬಾಯಿ ಕೌದಿಯ ಪಕ್ಕದಲ್ಲೇ ಕೂತಳು. ಒಂದು ಕಡೆ ಊರು ಉಳಿಸಿದ ದೇವರು, ಇನ್ನೊಂದು ಕಡೆ ಕೌದಿಯೊಳಗಿನ ಈ ಮಗು. ಯಾರಿಗೆ ಬೇಡ ಎನ್ನಲಿ? ಉತ್ತರ ತಿಳಿಯದಾಗ ಆಕೆ ಯಾವಾಗಲೂ ಮಾಡುವ ಕೆಲಸವನ್ನೇ ಮಾಡಿದಳು. ಹುಡುಗಿಗೆ ದೃಷ್ಟಿ ತಾಗಿದೆ ಎಂದು ನಿರ್ಧರಿಸಿದಳು.

ಚಿತ್ತಾಪುರದ ಕಪ್ಪಿನಿಂದ ಒಂದು ಹಿಡಿ ಉಪ್ಪು ತೆಗೆದಳು. ಎರಡು ಒಣ ಮೆಣಸಿನಕಾಯಿ, ನಾಲ್ಕು ಕಸಬರಿಗೆ ಕಡ್ಡಿ ಸೇರಿಸಿದಳು. ಭಾಗ್ಯಳನ್ನು ಎಬ್ಬಿಸಿ ಬಾಗಿಲ ಕಡೆ ಮುಖ ಮಾಡಿ ಕೂರಿಸಿ, ಮುಷ್ಟಿ ಬಿಗಿಹಿಡಿದು ನಿವಾಳಿಸತೊಡಗಿದಳು. "ಹೊಳಿ ಕಣ್ಣ, ಊರ ಕಣ್ಣ, ನಾಯಿ ಕಣ್ಣ, ನರಿ ಕಣ್ಣ, ವಾಡಿ ಮಂದಿ ಕಣ್ಣ…"

ಕೈ ಹುಡುಗಿಯ ತಲೆಯ ಸುತ್ತ ಎಡಕ್ಕೆ ತಿರುಗಿತು. ಮತ್ತೆ ಎಡಕ್ಕೆ. ಮೂರನೆಯ ಸಲ ಎಡಕ್ಕೆ ತಿರುಗುವಾಗ ಅರ್ಧದಲ್ಲೇ ನಿಂತುಬಿಟ್ಟಿತು.

ಭೀಮಬಾಯಿ ತನ್ನ ಮುಷ್ಟಿಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದಳು. ಎಡಕ್ಕೆ! ಹುಟ್ಟಿದ ಕೂಸಿನಿಂದ ಹಿಡಿದು ಹೊಸ ಟ್ರ್ಯಾಕ್ಟರಿನ ತನಕ ಈ ಊರಿನ ಸಕಲಕ್ಕೂ ದೃಷ್ಟಿ ತೆಗೆದ ಕೈ ಅದು. ಮೂರು ಸಲ ಎಡಕ್ಕೆ, ಆಮೇಲೆ ಮೂರು ಸಲ ಬಲಕ್ಕೆ. ಕೆಟ್ಟದ್ದು ಹೋಗಲು ಎಡಕ್ಕೆ, ಒಳ್ಳೆಯದು ಉಳಿಯಲು ಬಲಕ್ಕೆ. ಆಕೆಯ ಅವ್ವ ಹಾಗೇ ಕಲಿಸಿದ್ದಳು. ಎಡಕ್ಕೆ ತಿರುಗಿಸಿ ಅಲ್ಲಿಗೇ ಬಿಟ್ಟರೆ ತಪ್ಪು. ಬಲಕ್ಕೆ ತಿರುಗಿಸಿ ಮುಗಿಸಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

"ಆಯಿ, ಕೈ ಹಿಡಕೊಂತೇನು?" ಎಂದು ಭಾಗ್ಯ ಗಾಬರಿಯಾದಳು.

"ಹಿಡಕೊಂಡಿದ್ದು ಕೈ ಅಲ್ಲ, ತಲಿ. ಈಗ ಬಿಟ್ಟದ" ಎಂದ ಭೀಮಬಾಯಿ ಲಗುಬಗೆಯಿಂದ ಬಲಸುತ್ತು ಮುಗಿಸಿ, ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಎಸೆದಳು. ಅದು ಚಟಪಟ ಸಿಡಿಯಿತು. "ರೊಟ್ಟಿ ಉಣ್ಣು. ಮಲಕೋ. ನಾಳಿ ಎಡಕ್ಕ ಓಡೂದ ಅದ."

ಬೆಳಿಗ್ಗೆ ಕಪಿಲ ಸರ್ ಬೈಕಿನಿಂದ ಇಳಿಯುವ ಮೊದಲೇ ಆಕೆ ಗುಡಿಯ ಮೆಟ್ಟಿಲ ಮೇಲೆ ನಿಂತಿದ್ದಳು, ಇಡೀ ಊರನ್ನು ಎದುರಿಗೆ ನಿಲ್ಲಿಸಿಕೊಂಡು.

"ಕೇಳ್ರಿ. ಹೊಳಿ ಬಂದು ಹೋದ ಮ್ಯಾಲ ಈ ಊರಿಗಿ ಯಾರರೆ ದೃಷ್ಟಿ ತೆಗದೀರೇನು? ಇಲ್ಲ. ಅದಕ್ಕ ಹುಡುಗೂರು ಎಡಕ್ಕ ಓಡ್ಲಿ, ಊರ ಕೆಟ್ಟದ್ದೆಲ್ಲಾ ಕಿತ್ತಕೊಂಡ ಹೋಗ್ಲಿ. ಆದ್ರ ಎಡಕ್ಕ ತಿರುವಿ ಹಂಗೇ ಬಿಡಲಿಕ್ಕ ಬರಂಗಿಲ್ಲ. ಅವು ಎಷ್ಟ ಸುತ್ತ ಎಡಕ್ಕ ಓಡ್ತಾವ, ನಾವು ದೊಡ್ಡೋರು ಅಷ್ಟೇ ಸುತ್ತ ಬಲಕ್ಕ ಹಾಕಬೇಕು. ಒಬ್ಬರೂ ತಪ್ಪಸಂಗಿಲ್ಲ."

"ನನಗ ಮೊಣಕಾಲ…" ಎಂದು ಅಂಬರಾಯ ಶುರು ಮಾಡಿದ.

"ಮೊನ್ನಿ ತಲಿ ಆಡ್ಸಿದೆಲ್ಲ, ಅದು ನೋಯಲಿಲ್ಲೇನು?" ಎಂದಳು ಭೀಮಬಾಯಿ.

ಕಪಿಲ ಸರ್ ನಿಯಮದ ಪುಸ್ತಕವನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದರು. ಓಟ ಮುಗಿದ ಮೇಲೆ ಊರವರು ಮೈದಾನ ಸುತ್ತಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. "ಆಗಲಿ ಆಯಿ" ಎಂದರು. "ನೀವೂ ಒಪ್ಪೀರಲ್ಲ, ನಿಮಗೂ ಸುತ್ತ ಅವ" ಎಂದಳು ಆಕೆ.

ಕೂಟದ ದಿನ ದಂಡೋತಿ ತುಂಬಿ ತುಳುಕಿತು. ಪ್ರತಿ ಓಟಕ್ಕೂ ಮಕ್ಕಳು ಎಡಕ್ಕೆ ಹಾರಿ ಹೋದರು. ಮುಗಿದ ಕೂಡಲೇ ಚಂದ್ರಕಲಾ ಎರಡನೆಯ ಸೀಟಿ ಊದಿದಳು, ದೊಡ್ಡವರ ಪಾಳಿ. ಪಂಚೆ ಎತ್ತಿ ಕಟ್ಟಿದವರು, ಕೂಸು ಕಂಕುಳಲ್ಲಿಟ್ಟವರು, ಬೂಟು ಕೈಯಲ್ಲಿ ಹಿಡಿದ ಕಪಿಲ ಸರ್, ಕೋಲೂರಿದ ಅಂಬರಾಯ ಬಲಕ್ಕೆ ಹೊರಟರು. ಹೊರಗಿನ ಶಾಲೆಗಳ ಮಾಸ್ತರರು ಮೊದಲು ನಕ್ಕರು. ಆಮೇಲೆ ತಮ್ಮ ಮಕ್ಕಳ ಸುತ್ತು ಬೇರೆಯವರು ಬಿಚ್ಚುವುದು ಸರಿಯಲ್ಲವೆಂದು ಅವರೂ ಇಳಿದರು.

ಕೊನೆಗೆ ಎಂಟುನೂರು ಮೀಟರ್ ಬಂತು. ಭೀಮಬಾಯಿ ಇಳಕಲ್ ಸೀರೆಯುಟ್ಟು ಗೆರೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಸೀಟಿ ಕೇಳಿತು. ಭಾಗ್ಯ ಆಕೆಯ ಮುಂದೆ ಹಾದುಹೋದಳು, ಸುತ್ತಿ ಬಂದಳು, ಮತ್ತೆ ಹೋದಳು. ಮನೆಯಲ್ಲಿ ನೀರಿನ ಕೊಡ ತರಲು ಹೇಳಿದರೆ ಗೋಡೆ ಹಿಡಿದು ನಡೆಯುವ ಹುಡುಗಿ ಇವಳೇನಾ? ಜಡೆ ಹಿಂದೆ ನೆಟ್ಟಗೆ ನಿಂತಿತ್ತು. ಕಾಲು ನೆಲ ಮುಟ್ಟುತ್ತಿತ್ತೋ ಇಲ್ಲವೋ. ಮುಖದಲ್ಲಿ ಒಂದಿಷ್ಟೂ ಹೆದರಿಕೆಯಿರಲಿಲ್ಲ. ಭೀಮಬಾಯಿ ಜೀವಮಾನದಲ್ಲಿ ನೋಡಿದ ಓಟಗಳಲ್ಲೆಲ್ಲ ಹೆದರಿಕೆಯಿತ್ತು. ಹೊಳೆ ಬಂದಾಗ ಇದೇ ಹುಡುಗಿಯ ಕೈ ಹಿಡಿದು ತಾನು ಓಡಿದ ಓಟದಲ್ಲೂ ಇತ್ತು. ಇಂಥದೊಂದು ಓಟವೂ ಇರುತ್ತದೆಂದು ಆಕೆಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿ ಬಂತು.

ಕೊನೆಯ ಸುತ್ತಿನಲ್ಲಿ ವಾಡಿಯ ಉದ್ದ ಕಾಲಿನ ಹುಡುಗಿ ಭಾಗ್ಯಳ ಪಕ್ಕಕ್ಕೇ ಬಂದಳು. ಊರೆಲ್ಲ "ಓಡು, ಓಡು" ಎಂದು ಗಂಟಲು ಹರಿದುಕೊಳ್ಳುವಾಗ ಭೀಮಬಾಯಿ ಎದ್ದು ನಿಂತು, "ಸಾವಕಾಶ! ಬಿದ್ದೀ ನನ ಮಗಳ!" ಎಂದು ಕೂಗಿದಳು. ಆ ಗದ್ದಲದಲ್ಲೂ ಭಾಗ್ಯಳಿಗೆ ಅದೊಂದೇ ಕೇಳಿಸಿತು. ಅವಳು ನಕ್ಕಳು. ನಗುತ್ತಲೇ ಓಡಿದಳು. ವಾಡಿಯ ಹುಡುಗಿ ಒಂದು ಗೇಣು ಮುಂದೆ ಗೆರೆ ಮುಟ್ಟಿದಳು.

ಭಾಗ್ಯ ನೇರ ಆಯಿಯ ಹತ್ತಿರ ಬಂದಳು. "ನೋಡ್ದಿ?"

"ನೋಡ್ದೆ" ಎಂದಳು ಭೀಮಬಾಯಿ. ಸೋತದ್ದು ಇಬ್ಬರಿಗೂ ಆಮೇಲೆ ನೆನಪಾಯಿತು.

ಎರಡನೆಯ ಸೀಟಿ ಕೇಳಿತು. ಮೊಮ್ಮಗಳ ಸುತ್ತುಗಳನ್ನು ಬೇರೆ ಯಾರಿಗೂ ಬಿಡುವಂತಿರಲಿಲ್ಲ. ಭೀಮಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಣಮಪ್ಪನಿಗೆ ಕೈ ಮುಗಿದು, ಬಲಕ್ಕೆ ಹೊರಟಳು. ಗಂಭೀರವಾಗಿ ನಡೆಯಬೇಕೆಂದೇ ಇತ್ತು. ಅಷ್ಟರಲ್ಲಿ ಪಕ್ಕದಿಂದ ಇಮಾಮ್‌ಬೀ ಸರಸರ ಮುಂದೆ ಹೋದಳು, ಹೋಗುವಾಗ ತಿರುಗಿ ನೋಡಿ ಹಲ್ಲು ಕಿಸಿದಳು. ಅದನ್ನು ಸಹಿಸುವುದು ಹೇಗೆ? ಭೀಮಬಾಯಿ ಹೆಜ್ಜೆ ಬಿರುಸು ಮಾಡಿದಳು. ಇಮಾಮ್‌ಬೀಯೂ ಮಾಡಿದಳು. ಗುಡಿಯ ಹಿಂದಿನ ತಿರುವಿನಲ್ಲಿ ಇಬ್ಬರೂ ನಡೆಯುವುದನ್ನು ಬಿಟ್ಟಿದ್ದರು. ಬಳೆಗಳ ಸಪ್ಪಳ, ಸೀರೆಯ ಪಟಪಟ, ಏದುಸಿರು. ಹುಡುಗರು ಸಿಳ್ಳೆ ಹಾಕಿದರು. ಗಾಳಿ ಮುಖಕ್ಕೆ ಬಡಿಯಿತು, ಕಾಲ ಕೆಳಗೆ ತಾನೇ ಸಾರಿಸಿದ ನೆಲ ತಣ್ಣಗಿತ್ತು. ಭೀಮಬಾಯಿ ಗೆರೆ ದಾಟಿ, ಭಾಗ್ಯಳ ಹೆಗಲು ಹಿಡಿದು ನಿಂತಾಗ ಆಕೆಗೆ ನಗು ತಡೆಯಲಾಗುತ್ತಿರಲಿಲ್ಲ.

ಭಾಗ್ಯ ಆಯಿಯ ಹಣೆಯ ಬೆವರು ಒರೆಸುತ್ತ ಕೇಳಿದಳು. "ಯಾರ ಬೆನ್ನ ಹತ್ತಿದ್ರು ಆಯಿ, ಹಂಗ ಓಡ್ದಿ?"

ಭೀಮಬಾಯಿ ಹಿಂದೆ ತಿರುಗಿ ನೋಡಿದಳು. ನಾಯಿಯಿರಲಿಲ್ಲ, ಬಸ್ಸಿರಲಿಲ್ಲ. ಹೊಳೆ ದೂರದಲ್ಲಿ ತನ್ನ ಪಾಡಿಗೆ ತಾನು ಹರಿಯುತ್ತಿತ್ತು.

"ಯಾರೂ ಇಲ್ಲ" ಎಂದಳು. "ಸರಿ ಆಚಿಗಿ, ಇನ್ನೂ ಸುತ್ತ ಬಾಕಿ ಅವ."